ಪಿಕಪ್ ಗಾಡಿಯ ಕ್ಯಾಬಿನ್ನಿಗೆ ನೀರು ಇಳಿಯುತ್ತಿದೆಯೇ? ದಾರಿ ಹುಡುಕಿ, ಆಮೇಲೆ ಮುಚ್ಚಿ



ರಾಸುಗಳ ಆರೈಕೆ, ಮೇವು, ಹಿಂಡಿ, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ಈ ಪುಟಗಳಲ್ಲಿ ಓದುತ್ತಲೇ ಇರುತ್ತೀರಿ. ಈ ಬಾರಿಯ ಪಾಠ ಗಾಡಿಯದು. ಸಂಘದಿಂದ ಬಿಎಂಸಿ ಕೇಂದ್ರಕ್ಕೆ ಕ್ಯಾನು ಸಾಗಿಸಲು, ಪಶು ಆಹಾರದ ಚೀಲ ತರಲು, ಹುಲ್ಲು ಹೇರಲು, ಕರೆಯುವ ಹಸುವನ್ನು ಸಂತೆಯಿಂದ ಮನೆಗೆ ತರಲು ಇಂದು ಎಷ್ಟೋ ಸದಸ್ಯರ ಬಳಿ ಸ್ವಂತ ಪಿಕಪ್ ಅಥವಾ ಸಣ್ಣ ಗೂಡ್ಸ್ ಗಾಡಿ ಇದೆ. ಹಾಲಿನ ಬಟವಾಡೆಯಿಂದಲೇ ಅದರ ಕಂತು ಕಟ್ಟುವವರೂ ಇದ್ದಾರೆ. ಎಂಜಿನ್ ಆಯಿಲ್ಲು, ಟೈರು, ಬ್ರೇಕು ಇವುಗಳನ್ನು ನೋಡಿಕೊಳ್ಳುವ ಮಾಲೀಕರು ಕ್ಯಾಬಿನ್ನಿನೊಳಗೆ ಬರುವ ಮಳೆನೀರನ್ನು ಮಾತ್ರ 'ಮಳೆಗಾಲ ಅಲ್ಲವೇ' ಎಂದು ಬಿಟ್ಟುಬಿಡುತ್ತಾರೆ. ಕಾಲಡಿಗೆ ಒಂದು ಗೋಣಿತಾಟು ಹಾಸಿದರೆ ಆಯಿತು ಎಂಬ ಸಮಾಧಾನ ಅವರದು.

ಆ ಗೋಣಿತಾಟಿನ ಕೆಳಗೆ ನಡೆಯುವುದೇ ಬೇರೆ. ಮ್ಯಾಟಿನ ಅಡಿಯಲ್ಲಿರುವ ಫೆಲ್ಟು ನೀರು ಕುಡಿದು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮೇಲಿನ ರೆಕ್ಸಿನ್ನು ಒಣಗಿದಂತೆ ಕಂಡರೂ ಕೆಳಗಿನ ತಗಡು ತುಕ್ಕು ಹಿಡಿದು ತೆಳ್ಳಗಾಗುತ್ತಿರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿರುವ ಫ್ಯೂಸ್ ಬಾಕ್ಸಿಗೆ ತೇವ ತಗುಲಿದರೆ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಒಂದು ದಿನ ವೈಪರ್ ನಿಲ್ಲುತ್ತದೆ, ಮತ್ತೊಂದು ದಿನ ಹೆಡ್‌ಲೈಟು. ಬೆಳಗಿನ ಜಾವ ಹಾಲು ತುಂಬಿಕೊಂಡು ಹೊರಟಾಗ ಗಾಡಿ ದಾರಿಯಲ್ಲಿ ನಿಂತರೆ ಕೆಡುವುದು ಒಬ್ಬರ ಮನೆಯ ಹಾಲಲ್ಲ. 2020ರ ಏಪ್ರಿಲ್‌ನಿಂದ ಈಚೆಗೆ ಬಂದ ಬಿಎಸ್-6 ಗಾಡಿಗಳಲ್ಲಿ ವಿದ್ಯುತ್ ನಿಯಂತ್ರಣದ ಸಾಮಾನು ಇನ್ನೂ ಹೆಚ್ಚು. ಅದಕ್ಕೆ ನೀರು ತಗುಲಿದರೆ ಖರ್ಚೂ ಹೆಚ್ಚು.

ಹೈನುಗಾರರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹಿಂದೆ ಮಳೆಗೆ ನೆನೆಯುತ್ತದೆ ಎಂದು ಹಿಂಡಿಯ ಚೀಲವನ್ನೋ ಖನಿಜ ಮಿಶ್ರಣದ ಪೊಟ್ಟಣವನ್ನೋ ಸೀಟಿನ ಮುಂದೆ ಕಾಲಡಿಯಲ್ಲಿ ಇಟ್ಟುಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ಕೆಳಗಿನಿಂದ ತೇವ ಹೀರಿದ ಹಿಂಡಿಗೆ ಬೂಷ್ಟು ಬರುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದನ್ನು ತಿಂದ ಹಸುವಿನ ಹಾಲಿನಲ್ಲಿ ಆ ವಿಷದ ಅಂಶ ಎಂ1 ಎಂಬ ರೂಪದಲ್ಲಿ ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದಕ್ಕೆ ಕಾನೂನು ಇಟ್ಟಿರುವ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಆದ್ದರಿಂದ ಕ್ಯಾಬಿನ್ನಿನ ನೆಲ ಒಣಗಿರಬೇಕಾದದ್ದು ಗಾಡಿಯ ಆಯುಷ್ಯಕ್ಕಾಗಿ ಮಾತ್ರವಲ್ಲ.

ಮೊದಲು ತಿಳಿಯಬೇಕಾದದ್ದು: ಅದು ಯಾವ ನೀರು?

ನೆಲ ಒದ್ದೆಯಾದ ಮಾತ್ರಕ್ಕೆ ಅದು ಮಳೆನೀರೇ ಆಗಬೇಕಾಗಿಲ್ಲ. ಬಿಳಿ ಬಟ್ಟೆಯೊಂದನ್ನು ಒತ್ತಿ ನೋಡಿ. ಬಟ್ಟೆಗೆ ಹಸಿರು, ಗುಲಾಬಿ ಅಥವಾ ನೀಲಿ ಬಣ್ಣ ಹತ್ತಿ, ಬೆರಳಿಗೆ ಜಾರುವಂತಿದ್ದು, ಸಿಹಿ ವಾಸನೆ ಬಂದರೆ ಅದು ರೇಡಿಯೇಟರಿನ ಕೂಲೆಂಟು. ಹೀಟರ್ ಇರುವ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಒಳಗಿನ ಹೀಟರ್ ಅಥವಾ ಅದರ ಪೈಪು ಸೋರಿ ಹೀಗಾಗುತ್ತದೆ. ಗ್ಲಾಸಿನ ಒಳಮೈಗೆ ಜಿಡ್ಡಿನ ಮಂಜು ಕಟ್ಟುವುದು, ಕೂಲೆಂಟ್ ಡಬ್ಬಿಯ ಮಟ್ಟ ಇಳಿಯುವುದು ಇದರ ಗುರುತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ದನಕ್ಕೂ ನಾಯಿಗೂ ವಿಷ, ರುಚಿ ಮಾತ್ರ ಸಿಹಿ. ಕ್ಯಾಬಿನ್ ತೊಳೆದ ಆ ನೀರು ಕೊಟ್ಟಿಗೆಯ ಕಡೆಗೆ, ನೀರಿನ ತೊಟ್ಟಿಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ.

ಡ್ರೈವರ್ ಬದಿಯಲ್ಲಿ, ಕ್ಲಚ್ ಅಥವಾ ಬ್ರೇಕ್ ಪೆಡಲಿನ ಮೇಲಿನಿಂದ ಜಿನುಗಿ ಬಂದು ತಗಡಿನ ಬಣ್ಣವನ್ನೇ ಕೀಳುತ್ತಿದ್ದರೆ ಅದು ಬ್ರೇಕ್ ಆಯಿಲ್ಲು. ಈ ಗಾಡಿಯನ್ನು ಓಡಿಸಕೂಡದು. ಅಂದೇ ಮೆಕ್ಯಾನಿಕ್‌ಗೆ ತೋರಿಸಿ.

ಏಸಿ ಇರುವ ಗಾಡಿಯಲ್ಲಿ ಮಳೆಯೇ ಇಲ್ಲದ ದಿನ, ಏಸಿ ಹಾಕಿದ ಮೇಲೆ ಎಡಬದಿಯ ಕಾಲಡಿಯಲ್ಲಿ ತಿಳಿನೀರು ತೊಟ್ಟಿಕ್ಕಿದರೆ ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದೆ ಎಂದರ್ಥ. ಗಾಡಿಯ ಕೆಳಗೆ ಬಗ್ಗಿ ಆ ಸಣ್ಣ ರಬ್ಬರ್ ಕೊಳವೆಯ ಬಾಯಿ ಹುಡುಕಿ, ಮೃದುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಧೂಳು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈ ಮೂರೂ ಅಲ್ಲದಿದ್ದರೆ ಮಾತ್ರ ಅದು ಮಳೆನೀರು, ರಸ್ತೆಯ ನೀರು ಅಥವಾ ತೊಳೆಯುವಾಗ ಹೋದ ನೀರು.

ನೀರು ಕಾಣುವ ಕಡೆ ನೀರು ಬರುವ ಕಡೆಯಲ್ಲ

ಹೆಂಚಿನ ಮನೆಯಲ್ಲಿ ಸೂರು ಸೋರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಚು ಒಡೆದಿರುವುದು ಒಂದು ಕಡೆ, ನೀರು ರೀಪಿನ ಗುಂಟ ಹರಿದು ತೊಟ್ಟಿಕ್ಕುವುದು ಮತ್ತೊಂದು ಕಡೆ. ಗಾಡಿಯ ಕ್ಯಾಬಿನ್ನೂ ಹಾಗೆಯೇ. ಅದು ಒಂದೇ ತಗಡಲ್ಲ. ಎರಡು ಪದರದ ತಗಡುಗಳನ್ನು ಅಲ್ಲಲ್ಲಿ ಸ್ಪಾಟ್ ವೆಲ್ಡಿಂಗ್ ಮಾಡಿ, ಜೋಡಣೆಗಳ ಮೇಲೆ ಸೀಲಂಟ್ ಹಚ್ಚಿ ಮಾಡಿದ ಪೆಟ್ಟಿಗೆ. ಛಾವಣಿಯಲ್ಲಿ ಒಳಹೊಕ್ಕ ನೀರು ಕಂಬದ ಟೊಳ್ಳಿನೊಳಗೆ ಇಳಿದು ಬಾಗಿಲಿನ ಮೆಟ್ಟಿಲ ಬಳಿ ಕಾಣಿಸಿಕೊಳ್ಳಬಹುದು.

ಬಹಳ ಮಂದಿ ಮಾಡುವ ಕೆಲಸವೆಂದರೆ, ಅಂಗಡಿಯಿಂದ ಸಿಲಿಕೋನ್ ಟ್ಯೂಬು ತಂದು ಮುಂದಿನ ಗ್ಲಾಸಿನ ಸುತ್ತ ಬಳಿದುಬಿಡುವುದು. ನಮ್ಮ ಅಭಿಪ್ರಾಯದಲ್ಲಿ ಗಾಡಿಗೆ ಇದರಿಂದ ಆಗುವ ಕೆಡುಕು ಮಳೆಯಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ. ಗ್ಲಾಸಿನಿಂದ ನೀರು ಬರುತ್ತಿರಲಿಲ್ಲವಾದರೆ ಹಣ ವ್ಯರ್ಥ. ಬರುತ್ತಿದ್ದರೂ, ಮೇಲೆ ಬಳಿದ ಸಿಲಿಕೋನ್ ಒಳಗೆ ನಿಂತ ನೀರನ್ನು ಹೊರಹೋಗದಂತೆ ಕಟ್ಟಿಹಾಕುತ್ತದೆ. ಹುಳಿ ವಿನೆಗರಿನಂಥ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ. ಬಣ್ಣ ಹೋದ ಬರಿಯ ತಗಡಿಗೆ ಅದು ತಗುಲಿದರೆ ತುಕ್ಕಿಗೆ ಆಹ್ವಾನ ಕೊಟ್ಟ ಹಾಗೆ. ಮುಂದೆ ಪೇಂಟು ಹೊಡೆಸಲು ಹೋದರೆ ಸಿಲಿಕೋನ್ ಹತ್ತಿದ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ.

ಹಾಗಾಗಿ ಟ್ಯೂಬು ಕೊಳ್ಳುವ ಮುನ್ನ ಒಂದು ವಾರ ಗಾಡಿಯನ್ನು ಗಮನಿಸಿ. ನಿಂತಿರುವಾಗ ನೀರು ಬರುತ್ತದೋ, ಓಡುವಾಗ ಮಾತ್ರವೋ? ನಿಂತಾಗ ಬಂದರೆ ಛಾವಣಿ, ಗ್ಲಾಸು, ಬಾಗಿಲು ಅಥವಾ ವೈಪರ್ ಕೆಳಗಿನ ಜಾಲರಿಯ ಕಡೆ ನೋಡಬೇಕು. ಒದ್ದೆ ರಸ್ತೆಯಲ್ಲಿ ಓಡಿದಾಗ ಮಾತ್ರ ಬಂದರೆ ಚಕ್ರ ಎರಚುವ ನೀರು ನೆಲದ ತೂತಿನಿಂದ ಬರುತ್ತಿದೆ ಎಂದು ಶಂಕಿಸಬೇಕು. ಗಾಡಿಯ ಮೂತಿ ಇಳಿಜಾರಿಗೆ ಇದ್ದಾಗ ಒಂದು ರೀತಿ, ಏರಿಗೆ ಇದ್ದಾಗ ಮತ್ತೊಂದು ರೀತಿ ಸೋರಿದರೆ ಅದೂ ಒಂದು ಸುಳಿವು. ಮಳೆ ನಿಂತು ಗಂಟೆಯಾದ ಮೇಲೆ ಬ್ರೇಕ್ ಹಾಕಿದಾಗ ತಲೆಯ ಮೇಲಿನಿಂದ ನೀರು ಮುಂದಕ್ಕೆ ಸುರಿಯುತ್ತದೆಯೇ? ಹಾಗಾದರೆ ಛಾವಣಿಯ ಒಳಪದರದಲ್ಲಿ ನೀರು ನಿಂತಿದೆ. ಗಾಡಿ ತೊಳೆಸಿದ ದಿನ ಮಾತ್ರ ಒದ್ದೆಯಾಗುತ್ತಿದ್ದರೆ ತೊಳೆಯುವವರ ಪ್ರೆಶರ್ ಪೈಪೇ ಕಾರಣ. ರಬ್ಬರಿನ ಸಂದಿಗೆ ಹತ್ತಿರದಿಂದ ಹಿಡಿದ ಜೆಟ್ಟಿಗೆ ಹೊಸ ಗಾಡಿಯೂ ಸೋರಬಹುದು. ಅದಕ್ಕೆ ರಿಪೇರಿ ಬೇಕಾಗಿಲ್ಲ, ದೂರದಿಂದ ಹಿಡಿಯಲು ಹೇಳಿದರೆ ಸಾಕು.

ಪೈಪು ಹಿಡಿದು ಹುಡುಕುವ ಕ್ರಮ

ಬಿಸಿಲಿರುವ ಒಂದು ದಿನ, ಹಾಲು ಹಾಕಿ ಬಂದ ಮೇಲೆ, ಇಬ್ಬರು ಸೇರಿ ಮಾಡುವ ಕೆಲಸವಿದು. ಒಬ್ಬರೇ ಮಾಡಲು ಹೋದರೆ ಅರ್ಧ ದಿನ ಹತ್ತಿ ಇಳಿಯುವುದರಲ್ಲೇ ಹೋಗುತ್ತದೆ. ಮೊದಲು ಮ್ಯಾಟು, ಫೆಲ್ಟು, ಸಾಧ್ಯವಾದರೆ ಸೀಟು ಸಹ ಬಿಚ್ಚಿ ಹೊರಗೆ ಬಿಸಿಲಿಗೆ ಹಾಕಿ. ಒಳಗಿನ ತಗಡು ಪೂರ್ತಿ ಒಣಗಬೇಕು. ಬ್ಯಾಟರಿಯ ನೆಗೆಟಿವ್ ವೈರು ಕಳಚಿಡಿ. ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ; ಒಂದು ತೊಟ್ಟು ಬಿದ್ದರೂ ಕಾಗದದ ಮೇಲೆ ಕಾಣುತ್ತದೆ. ತಗಡಿನ ಗೋಡೆಗಳ ಮೇಲೆ ಸೀಮೆಸುಣ್ಣದ ಪುಡಿಯನ್ನು ಒರೆಸಿಟ್ಟರೆ ನೀರು ಹರಿದ ಜಾಡು ಗೆರೆಯಂತೆ ಉಳಿಯುತ್ತದೆ.

ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತು ಬಾಗಿಲು, ಕಿಟಕಿ ಹಾಕಿಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಕೊಟ್ಟಿಗೆ ತೊಳೆಯುವ ಸಾಮಾನ್ಯ ಪೈಪಿನಿಂದ ನೀರು ಬಿಡಬೇಕು. ಬಾಯಿಗೆ ಬೆರಳು ಒತ್ತಿ ಚಿಮ್ಮಿಸಬೇಡಿ. ಮಳೆಯಂತೆ ಸುಮ್ಮನೆ ಹರಿಯಲಿ. ಮುಖ್ಯವಾದದ್ದು, ಕೆಳಗಿನಿಂದ ಪ್ರಾರಂಭಿಸಿ ಮೇಲಕ್ಕೆ ಹೋಗಬೇಕು. ಮೊದಲೇ ಛಾವಣಿಯ ಮೇಲೆ ಬಿಟ್ಟರೆ ನೀರು ಎಲ್ಲ ಕಡೆಗೂ ಹರಿದು ಯಾವ ಸಂದಿಯಿಂದ ಒಳಗೆ ಹೋಯಿತೆಂದು ತಿಳಿಯುವುದಿಲ್ಲ. ಬಾಗಿಲಿನ ಕೆಳಭಾಗಕ್ಕೆ ಐದು ನಿಮಿಷ, ಬಾಗಿಲಿನ ಗ್ಲಾಸಿಗೆ ಐದು ನಿಮಿಷ, ವೈಪರ್ ಕೆಳಗಿನ ಜಾಲರಿಗೆ ಐದು ನಿಮಿಷ, ಮುಂದಿನ ಗ್ಲಾಸಿನ ಕೆಳ ಅಂಚು, ಪಕ್ಕದ ಅಂಚು, ಮೇಲಿನ ಅಂಚು, ಹಿಂದಿನ ಗ್ಲಾಸು, ಕಡೆಗೆ ಛಾವಣಿಯ ನೀರುಗಾಲುವೆ. ಅವಸರ ಬೇಡ, ಟೊಳ್ಳು ಕಂಬದಲ್ಲಿ ಇಳಿಯುವ ನೀರಿಗೆ ಕೆಳಗೆ ತಲುಪಲು ಹೊತ್ತು ಬೇಕು. ಒಳಗಿರುವವರು ಮೊದಲ ತೊಟ್ಟು ಕಂಡ ಕೂಡಲೇ ಕೂಗಬೇಕು, ಹೊರಗಿನವರು ಆ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಒಂದು ದಾರಿ ಸಿಕ್ಕಿತೆಂದು ನಿಲ್ಲಿಸಬೇಡಿ. ಹಳೆಯ ಗಾಡಿಯಲ್ಲಿ ಎರಡು ಮೂರು ದಾರಿ ಇರುವುದು ಅಪರೂಪವೇನಲ್ಲ.

ನೀರಿಲ್ಲದೆಯೂ ನೋಡುವ ಉಪಾಯ ಎರಡಿವೆ. ರಾತ್ರಿ ಕತ್ತಲಲ್ಲಿ ಒಬ್ಬರು ಹೊರಗಿನಿಂದ ಸಂದಿಗಳ ಗುಂಟ ಟಾರ್ಚ್ ಬಿಟ್ಟರೆ ಒಳಗಿರುವವರಿಗೆ ದೊಡ್ಡ ಸಂದಿಗಳಲ್ಲಿ ಬೆಳಕು ಕಾಣುತ್ತದೆ. ಬ್ಲೋವರ್ ಇರುವ ಗಾಡಿಯಾದರೆ ಹೊರಗಿನ ಗಾಳಿ ಒಳಬರುವಂತೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಬ್ಲೋವರನ್ನು ಪೂರ್ತಿ ವೇಗದಲ್ಲಿ ಬಿಡಿ; ಹೊರಗಿನಿಂದ ಗ್ಲಾಸಿನ ರಬ್ಬರಿಗೂ ಜೋಡಣೆಗಳಿಗೂ ಸೋಪಿನ ನೀರು ಸವರಿದರೆ ಸಂದಿ ಇರುವ ಕಡೆ ಗುಳ್ಳೆ ಏಳುತ್ತದೆ. ಟ್ಯೂಬಿನ ಪಂಕ್ಚರ್ ನೋಡಿದ ಹಾಗೆ. ಇದಕ್ಕೆ ಮಾತ್ರ ಬ್ಯಾಟರಿಯ ವೈರು ಮತ್ತೆ ಕೊಡಬೇಕಾಗುತ್ತದೆ.

ಹುಲ್ಲಿನ ಚೂರು ಮತ್ತು ಹುಣಸೆ ಎಲೆ

ಮೂತಿ ಇರುವ ಪಿಕಪ್‌ಗಳಲ್ಲಿ ಬಾನೆಟ್ ಮುಗಿದು ಮುಂದಿನ ಗ್ಲಾಸು ಪ್ರಾರಂಭವಾಗುವ ಕಡೆ, ವೈಪರುಗಳ ಕೆಳಗೆ, ಒಂದು ಜಾಲರಿ ಇರುತ್ತದೆ. ಗ್ಯಾರೇಜಿನವರು ಅದನ್ನು ಕೌಲ್ ಎನ್ನುತ್ತಾರೆ. ಕ್ಯಾಬಿನ್ನಿಗೆ ಗಾಳಿ ಹೋಗುವ ದಾರಿ ಅದೇ. ಗ್ಲಾಸಿನ ಮೇಲಿನಿಂದ ಇಳಿದ ಮಳೆನೀರೆಲ್ಲ ಅಲ್ಲಿಗೆ ಬಿದ್ದು, ಕೆಳಗಿನ ತೊಟ್ಟಿಯಂಥ ಜಾಗದಲ್ಲಿ ಸೇರಿ, ಎರಡು ಪಕ್ಕದ ಕಿಂಡಿಗಳಿಂದ ಹೊರಗೆ ಹೋಗುವಂತೆ ಮಾಡಿರುತ್ತಾರೆ. ಕಿಂಡಿ ಕಟ್ಟಿದರೆ ತೊಟ್ಟಿ ತುಂಬುತ್ತದೆ. ತುಂಬಿದ ನೀರು ಗಾಳಿಯ ದಾರಿಯಿಂದಲೇ ಒಳಗೆ ಸುರಿಯುತ್ತದೆ.

ಹೈನುಗಾರರ ಗಾಡಿಗಳಿಗೆ ಈ ತೊಂದರೆ ಹೆಚ್ಚು ಬರಲು ಕಾರಣವಿದೆ. ಹುಲ್ಲು, ಜೋಳದ ಸಪ್ಪೆ ಹೇರುವಾಗಲೂ ಇಳಿಸುವಾಗಲೂ ಚೂರು ಹಾರಿ ಜಾಲರಿಯೊಳಗೆ ಬೀಳುತ್ತದೆ. ಅದರ ಮೇಲೆ ಹುಣಸೆ ಮರದ ಕೆಳಗೋ ಮಳೆಮರದ ಕೆಳಗೋ ನೆರಳಿಗೆಂದು ಗಾಡಿ ನಿಲ್ಲಿಸುತ್ತೇವೆ; ಆ ಸಣ್ಣ ಎಲೆಗಳು ಯಾವ ಜಾಲರಿಯಲ್ಲಾದರೂ ನುಸುಳುತ್ತವೆ. ಹುಲ್ಲು, ಎಲೆ, ಧೂಳು ಸೇರಿ ಗೊಬ್ಬರದಂತಾಗಿ ಕಿಂಡಿಗೆ ಬಿರಡೆ ಹಾಕುತ್ತದೆ. ಇಲಿ ಅಲ್ಲಿ ಗೂಡು ಕಟ್ಟುವುದೂ ಉಂಟು.

ಒಂದು ಗಾಡಿಯಲ್ಲಿ ಎಡಬದಿಯ ಕಾಲಡಿ ಪ್ರತಿ ಮಳೆಗೂ ಒದ್ದೆಯಾಗುತ್ತಿದೆ ಎಂದಿಟ್ಟುಕೊಳ್ಳಿ. ಮಾಲೀಕರು ಗ್ಲಾಸಿನ ರಬ್ಬರ್ ಬದಲಿಸುತ್ತಾರೆ, ಬಾಗಿಲಿನ ರಬ್ಬರ್ ಬದಲಿಸುತ್ತಾರೆ. ಸಣ್ಣ ಮಳೆಗೆ ನೀರು ಬರುವುದಿಲ್ಲ, ಜೋರು ಮಳೆ ಅರ್ಧ ಗಂಟೆ ಹೊಡೆದರೆ ಮತ್ತೆ ಬರುತ್ತದೆ. ಆ 'ಅರ್ಧ ಗಂಟೆ'ಯೇ ಸುಳಿವು. ಸಂದಿಯಿಂದ ಬರುವ ನೀರು ಮಳೆ ಬಂದ ಕೆಲವೇ ನಿಮಿಷದಲ್ಲಿ ಬರುತ್ತದೆ. ತಡವಾಗಿ ಬಂದು ಒಮ್ಮೆಲೇ ಸುರಿಯುವ ನೀರು ಎಲ್ಲೋ ತುಂಬಿ ಉಕ್ಕಿದ ನೀರು. ಇಲ್ಲಿ ಖರ್ಚಿಲ್ಲದ ರಿಪೇರಿ ಏನೆಂದರೆ ವೈಪರ್ ತೋಳು ಬಿಚ್ಚಿ, ಜಾಲರಿ ಎತ್ತಿ, ಕೈಯಿಂದ ಕಸ ತೆಗೆದು, ಎರಡೂ ಕಿಂಡಿಗಳಿಂದ ನೀರು ಸಲೀಸಾಗಿ ಕೆಳಗೆ ಬೀಳುವವರೆಗೆ ತೊಳೆಯುವುದು. ಕಸವನ್ನು ಕಡ್ಡಿಯಿಂದ ಕಿಂಡಿಯೊಳಕ್ಕೆ ನೂಕಬೇಡಿ, ಮೇಲಕ್ಕೆ ಎಳೆಯಿರಿ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಒಮ್ಮೆ ಇದನ್ನು ಮಾಡುವುದು ಒಳ್ಳೆಯದು. ಮೂತಿ ಇಲ್ಲದ, ಸೀಟಿನ ಕೆಳಗೆ ಎಂಜಿನ್ ಇರುವ ಗಾಡಿಗಳಲ್ಲಿಯೂ ವೈಪರ್ ಕೆಳಗಿನ ಗಾಳಿದಾರಿಯನ್ನು ಹೀಗೆಯೇ ನೋಡಬೇಕು. ಜೊತೆಗೆ ಸೀಟಿನ ಕೆಳಗಿನ ಎಂಜಿನ್ ಮುಚ್ಚಳದ ಅಂಚಿನ ರಬ್ಬರ್ ಹರಿದಿದೆಯೇ ಎಂದೂ ನೋಡಬೇಕು. ಅಲ್ಲಿಂದ ರಸ್ತೆಯ ನೀರಷ್ಟೇ ಅಲ್ಲ, ಎಂಜಿನ್ನಿನ ಹೊಗೆಯೂ ಒಳಗೆ ಬರುತ್ತದೆ.

ಬಾಗಿಲು

ಬಾಗಿಲಿನ ಗ್ಲಾಸು ಮೇಲೆ ಕೆಳಗೆ ಹೋಗುವ ಸಂದಿಯಿಂದ ಸ್ವಲ್ಪ ನೀರು ಬಾಗಿಲಿನೊಳಗೆ ಹೋಗಿಯೇ ತೀರುತ್ತದೆ. ಅದು ದೋಷವಲ್ಲ. ಆ ನೀರು ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಬೀಳಬೇಕು. ಮಣ್ಣು ಮೆತ್ತಿ ತೂತು ಕಟ್ಟಿದರೆ ಬಾಗಿಲು ತೆರೆದಾಗ ಒಳಗೆ ಗುಳುಗುಳು ಎಂದು ನೀರು ಅಲುಗಾಡುವ ಸದ್ದು ಬರುತ್ತದೆ. ಮೊಳೆಯಿಂದ ಮೆಲ್ಲಗೆ ಬಿಡಿಸಿ. ಕೆಲವರು 'ನೀರು ಇಲ್ಲಿಂದ ಬರುತ್ತಿದೆ' ಎಂದು ತಿಳಿದು ಆ ತೂತುಗಳಿಗೇ ಎಂ-ಸೀಲ್ ಮೆತ್ತಿಬಿಡುತ್ತಾರೆ. ಎರಡು ಮಳೆಗಾಲದಲ್ಲಿ ಬಾಗಿಲಿನ ತಳ ಕೊಳೆತು ಉದುರುತ್ತದೆ.

ಬಾಗಿಲಿನೊಳಗಿನ ನೀರು ಕ್ಯಾಬಿನ್ನಿಗೆ ಬರದಂತೆ ತಡೆಯುವುದು ಒಳಗಿನ ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ. ಗ್ಲಾಸ್ ಮೆಷಿನ್ ರಿಪೇರಿ ಮಾಡಿದವರು ಅಥವಾ ಸ್ಪೀಕರ್ ಕೂರಿಸಿದವರು ಅದನ್ನು ಹರಿದು ಹಾಗೆಯೇ ಪ್ಯಾಡು ಮುಚ್ಚಿರುವುದನ್ನು ಅನೇಕ ಗಾಡಿಗಳಲ್ಲಿ ಕಾಣಬಹುದು. ಬಾಗಿಲಿನ ಪ್ಯಾಡಿನ ಕೆಳ ಅಂಚು ಒದ್ದೆಯಾಗಿ ಉಬ್ಬಿದ್ದರೆ ಇದೇ ಕಾರಣ. ಹೊಸ ಹಾಳೆಗೆ ಅಂಗಡಿ ಹುಡುಕಬೇಕಾಗಿಲ್ಲ. ರಸಮೇವಿನ ಗುಂಡಿಗೆ ಹಾಸಿ ಉಳಿದ ದಪ್ಪ ಪ್ಲಾಸ್ಟಿಕ್ ಸಾಕು. ಹಳೆಯ ಹಾಳೆಯನ್ನು ಅಳತೆಗೆ ಇಟ್ಟು ಕತ್ತರಿಸಿ, ಗಟ್ಟಿಯಾಗದ ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿ. ಹಾಳೆಯ ಕೆಳ ಅಂಚು ಮಾತ್ರ ಬಾಗಿಲಿನ ತಗಡಿನ ಸೀಳಿನೊಳಗೆ ಇಳಿದಿರಬೇಕು. ಆಗ ಹಾಳೆಯ ಮೇಲೆ ಇಳಿದ ನೀರು ಬಾಗಿಲಿನೊಳಗೇ ಬೀಳುತ್ತದೆ. ಅಂಚನ್ನು ಹೊರಗೆ ಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಇನ್ನು ಬಾಗಿಲಿನ ಸುತ್ತಲ ರಬ್ಬರ್. ಒಂದು ಕಾಗದದ ಪಟ್ಟಿಯನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಒತ್ತುತ್ತಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಡಿಲ. ಸುತ್ತಲೂ ಗೇಣಿಗೊಂದರಂತೆ ನೋಡಿ. ಒಂದೇ ಕಡೆ ಸಡಿಲವಿದ್ದರೆ ರಬ್ಬರಿನ ಒಳಗಿನ ಕಬ್ಬಿಣದ ಪಟ್ಟಿಯನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಕೂರಿಸಬಹುದು. ಹಿಂಬದಿ ಪೂರ್ತಿ ಸಡಿಲವಿದ್ದರೆ, ರಬ್ಬರ್ ಬದಲಿಸುವ ಮೊದಲು ಬಾಗಿಲನ್ನು ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅಲುಗಾಡಿದರೆ ಕೀಲಿನ ಪಿನ್ನು ಸವೆದು ಬಾಗಿಲು ಜೋತಿದೆ. ಮೊದಲು ಅದನ್ನು ಸರಿಪಡಿಸಬೇಕು. ಕೀಲು ಸರಿ ಇದ್ದರೆ ಕಂಬದ ಮೇಲಿನ ಲಾಕ್ ಕೊಂಡಿಯ ಸುತ್ತ ಪೆನ್ಸಿಲ್ ಗೆರೆ ಎಳೆದು, ಬೋಲ್ಟ್ ಸಡಿಲಿಸಿ, ಒಂದೆರಡು ಮಿಲಿಮೀಟರ್ ಒಳಕ್ಕೆ ಸರಿಸಿ ಬಿಗಿ ಮಾಡಿ. ಹೊಸ ರಬ್ಬರ್ ಹಾಕುವುದಾದರೆ ಎಳೆದು ಹಾಕಬೇಡಿ, ಒಂದು ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಜೋಡಣೆ ಬಾಗಿಲಿನ ಕೆಳಭಾಗದಲ್ಲಿ ಬರಬೇಕು, ಮೇಲೆ ಬರಕೂಡದು.

ಮುಂದಿನ ಗ್ಲಾಸು

ಇದರಲ್ಲಿ ಎರಡು ಬಗೆ. ದಪ್ಪ ರಬ್ಬರಿನ ಚೌಕಟ್ಟಿನಲ್ಲಿ ಕೂತಿರುವ ಗ್ಲಾಸು ಒಂದು. ಕಪ್ಪು ಅಂಟಿನಿಂದ ನೇರವಾಗಿ ತಗಡಿಗೆ ಅಂಟಿಸಿದ್ದು ಇನ್ನೊಂದು. ಎರಡನೆಯದನ್ನು ಮನೆಯಲ್ಲಿ ಮುಟ್ಟಬೇಡಿ. ಅಪಘಾತದಲ್ಲಿ ಆ ಗ್ಲಾಸು ಕ್ಯಾಬಿನ್ನಿಗೆ ಬಲ ಕೊಡುತ್ತದೆ. ಅದನ್ನು ತೆಗೆದು ಕೂರಿಸಲು ಸರಿಯಾದ ಪಾಲಿಯೂರಿಥೇನ್ ಅಂಟು, ಪ್ರೈಮರ್, ಒಣಗಲು ಕಾಲಾವಕಾಶ ಬೇಕು. ಗ್ಲಾಸಿನ ಕೆಲಸ ಬಲ್ಲವರಲ್ಲಿಗೆ ಹೋಗಿ, ಅವರು ಹೇಳಿದಷ್ಟು ಹೊತ್ತು ಗಾಡಿ ಓಡಿಸದೆ ಇರಿ.

ರಬ್ಬರಿನ ಬಗೆಯದಾದರೆ ಹೀಗೆ ಮಾಡಬಹುದು. ಗುರುತು ಹಾಕಿದ ಜಾಗದಲ್ಲಿ ರಬ್ಬರಿನ ತುಟಿಯನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯಿಂದ ಎತ್ತಿ, ಒಳಗಿನ ಮಣ್ಣನ್ನು ಬಟ್ಟೆಯಿಂದ ತೆಗೆದು, ಪೂರ್ತಿ ಒಣಗಿಸಿ. ಸ್ಕ್ರೂಡ್ರೈವರ್ ಬಳಸಿದರೆ ಗ್ಲಾಸು ಬಿರಿಯುತ್ತದೆ. ಗ್ಲಾಸಿಗೂ ರಬ್ಬರಿಗೂ ನಡುವೆ, ರಬ್ಬರಿಗೂ ತಗಡಿಗೂ ನಡುವೆ, ಎರಡೂ ಕಡೆ ಗಟ್ಟಿಯಾಗದ ಗ್ಲಾಸ್ ಸೀಲಂಟನ್ನು ತೆಳುವಾಗಿ ತುಂಬಿ ತುಟಿ ಒತ್ತಿ. ಹೊರಗೆ ಬಂದದ್ದನ್ನು ಒರೆಸಿ. ರಬ್ಬರ್ ಗಟ್ಟಿಯಾಗಿ, ಮೂಲೆಗಳಲ್ಲಿ ಸೀಳಿದ್ದರೆ ಸೀಲಂಟ್ ನಿಲ್ಲುವುದಿಲ್ಲ. ಹೊಸ ರಬ್ಬರನ್ನೇ ಹಾಕಿಸಬೇಕು. ರಬ್ಬರ್ ಎತ್ತಿದಾಗ ಕೆಳಗೆ ತುಕ್ಕಿನ ಹುಡಿ ಕಂಡರೆ ಗ್ಲಾಸು ಇಳಿಸಿಯೇ ಕೆಲಸ ಮಾಡಬೇಕು: ತುಕ್ಕು ಕೆರೆದು, ಪ್ರೈಮರ್ ಹೊಡೆದು, ಬಣ್ಣ ಒಣಗಿದ ಮೇಲೆ ಹೊಸ ರಬ್ಬರಿನೊಂದಿಗೆ ಕೂರಿಸುವುದು. ತುಕ್ಕಿನ ಮೇಲೆ ಹಚ್ಚಿದ ಸೀಲಂಟು ತುಕ್ಕಿನ ಜೊತೆಯೇ ಎದ್ದುಬರುತ್ತದೆ.

ಛಾವಣಿ ಮತ್ತು ನಾವೇ ಮಾಡಿದ ತೂತುಗಳು

ಕ್ಯಾರಿಯರ್, ಹೆಸರಿನ ಬೋರ್ಡು, ಆಂಟೆನಾ, ಮೇಲಿನ ಲೈಟು ಇವುಗಳ ಪ್ರತಿಯೊಂದು ಬೋಲ್ಟೂ ಒಂದೊಂದು ತೂತು. ಬೋಲ್ಟ್ ತೆಗೆದು, ತೂತಿನ ಅಂಚಿಗೆ ಬಣ್ಣ ಹಚ್ಚಿ, ರಬ್ಬರ್ ವಾಷರಿನೊಂದಿಗೆ ಸೀಲಂಟ್ ಇಟ್ಟು ಮತ್ತೆ ಬಿಗಿ ಮಾಡಬೇಕು. ಛಾವಣಿಯ ಅಂಚಿನ ನೀರುಗಾಲುವೆಯಲ್ಲಿ ಎರಡು ತಗಡು ಸೇರುವ ಜೋಡಣೆ ಇದೆ. ಅಲ್ಲಿನ ಸೀಲಂಟ್ ವರ್ಷ ಕಳೆದಂತೆ ಕೂದಲೆಳೆಯಷ್ಟು ಬಿರಿಯುತ್ತದೆ. ಹುಲ್ಲಿನ ಹೊರೆಯನ್ನು ಕ್ಯಾಬಿನ್ನಿನ ನೆತ್ತಿಯ ಮೇಲೆ ಹೇರಿ ಹಗ್ಗ ಬಿಗಿಯುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ, ಏಕೆಂದರೆ ಭಾರಕ್ಕೆ ತಗಡು ಬಾಗಿ ಜೋಡಣೆ ಬಾಯಿ ಬಿಡುತ್ತದೆ. ಬಿರಿದದ್ದನ್ನು ಕೆರೆದು ತೆಗೆದು, ಟಿಂಕರಿಂಗ್ ಅಂಗಡಿಯವರು ಬಳಸುವ ಪಾಲಿಯೂರಿಥೇನ್ ಬಾಡಿ ಸೀಲಂಟ್ ಹಚ್ಚಿ, ಮೇಲೆ ಬಣ್ಣ ಹೊಡೆಯಿರಿ. ಒಂದು ಟ್ಯೂಬಿನ ಬೆಲೆ ಒಂದು ಚೀಲ ಪಶು ಆಹಾರದ ಬೆಲೆಗಿಂತ ಕಡಿಮೆ. ಎಂ-ಸೀಲ್ ಗಟ್ಟಿಯಾಗುವ ವಸ್ತು, ಅಲುಗಾಡುವ ಜೋಡಣೆಯಲ್ಲಿ ಅದು ಬಿರಿಯುತ್ತದೆ. ಡಾಂಬರು ಬೇಸಿಗೆಯಲ್ಲಿ ಕರಗಿ ಹೆಗಲ ಮೇಲೆ ಬೀಳುತ್ತದೆ, ಬೇಡ.

ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಷ್ ಇರುತ್ತದೆ. ಟೇಪ್ ರೆಕಾರ್ಡರಿಗೆಂದೋ ಹೆಚ್ಚುವರಿ ಹಾರ್ನಿಗೆಂದೋ ವೈರು ಎಳೆದವರು ಅದನ್ನು ಕಿತ್ತು ಹಾಗೆಯೇ ಬಿಟ್ಟಿರುತ್ತಾರೆ. ಸರಿಯಾದ ಬುಷ್ ಹಾಕಿಸಿ. ವೈರು ತೂತಿಗೆ ಬರುವ ಮುನ್ನ ಸ್ವಲ್ಪ ಕೆಳಕ್ಕೆ ಜೋತು ಆಮೇಲೆ ಮೇಲೇರಿ ಒಳಹೋಗುವಂತೆ ಕಟ್ಟಿದರೆ ವೈರಿನ ಗುಂಟ ಬಂದ ನೀರು ಆ ಜೋತ ಕಡೆಯೇ ತೊಟ್ಟಿಕ್ಕುತ್ತದೆ. ನೆಲದ ತಗಡಿನಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ಬಿದ್ದುಹೋಗಿದ್ದರೆ ಹೊಸದು ಹಾಕಿ. ಒಳಗೆ ನಿಂತ ನೀರು ಹೋಗಲೆಂದು ನೆಲಕ್ಕೆ ಹೊಸ ತೂತು ಕೊರೆಯುವ ಪದ್ಧತಿ ಕೆಲವೆಡೆ ಇದೆ. ಅಲ್ಲಿಂದ ಹೋಗುವ ನೀರಿಗಿಂತ ಚಕ್ರ ಎರಚಿ ಒಳಗೆ ಬರುವ ನೀರೇ ಹೆಚ್ಚು.

ಮುಚ್ಚಿದ ಮೇಲೆ

ಸೀಲಂಟ್ ಹಚ್ಚಿದ ಕಡೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು, ಕನಿಷ್ಠ ಒಂದು ರಾತ್ರಿ ಒಣಗಲು ಬಿಡಿ. ಅಷ್ಟರಲ್ಲಿ ನೆಲದ ತಗಡನ್ನು ನೋಡಿ. ಮೇಲ್ಮೈ ತುಕ್ಕಾದರೆ ವೈರ್ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಬಣ್ಣ ಹೊಡೆಯಿರಿ. ತೂತು ಬಿದ್ದಿದ್ದರೆ ಟಿಂಕರ್ ಬಳಿ ತಗಡಿನ ಪ್ಯಾಚ್ ಹಾಕಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿರಬೇಕು, ಫೆಲ್ಟು, ಸ್ಪಂಜು ಎಲ್ಲವನ್ನೂ ಹೊರಗೆ ತೆಗೆದಿರಬೇಕು, ಹತ್ತಿರ ಒಂದು ಬಕೆಟ್ ನೀರು ಇಟ್ಟುಕೊಂಡಿರಬೇಕು. ಹೊಸ ಗಾಡಿಯಾದರೆ ಎಂಜಿನ್ ಕಂಟ್ರೋಲ್ ಬಾಕ್ಸಿನ ಕನೆಕ್ಟರ್ ಸಹ ಕಳಚಲು ಹೇಳಿ.

ಫ್ಯೂಸ್ ಬಾಕ್ಸಿಗೆ ನೀರು ತಗುಲಿದ್ದರೆ ಕನೆಕ್ಟರುಗಳನ್ನು ಬಿಚ್ಚಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಬಹುದು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಎಂದಿಗೂ ಮಾಡಬೇಡಿ. ಫ್ಯೂಸು ಉಳಿದು ವೈರು ಉರಿಯುತ್ತದೆ. ಗಾಡಿಗೆ ಬೆಂಕಿ ಹತ್ತುವುದು ಹೀಗೆಯೇ.

ಫೆಲ್ಟು, ಸೀಟಿನ ಸ್ಪಂಜು ಒಣಗಲು ಒಳ್ಳೆಯ ಬಿಸಿಲಿನಲ್ಲೂ ಎರಡು ಮೂರು ದಿನ ಬೇಕು. ಬೂಷ್ಟಿನ ವಾಸನೆ ಹೋಗದ ಫೆಲ್ಟನ್ನು ಎಸೆದುಬಿಡಿ. ಎಲ್ಲ ಒಣಗಿದ ಮೇಲೆ, ಮ್ಯಾಟು ಹಾಸುವ ಮುಂಚೆ, ಮತ್ತೊಮ್ಮೆ ಪತ್ರಿಕೆ ಹಾಸಿ, ಈ ಸಲ ಛಾವಣಿಯ ಮೇಲಿನಿಂದಲೇ ಅರ್ಧ ಗಂಟೆ ನೀರು ಬಿಡಿ. ಕಾಗದ ಒಣಗಿಯೇ ಇದ್ದರೆ ಪ್ಯಾಡು, ಮ್ಯಾಟು, ಸೀಟು ಕೂರಿಸಬಹುದು.

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಏನನ್ನೂ ಹಚ್ಚಬೇಡಿ. ಪೈಪು ಬಿಟ್ಟು ಜಾಗ ಗುರುತಿಸಿ, ಗುರುತಿನ ಸಮೇತ ಸರ್ವಿಸ್ ಕೇಂದ್ರಕ್ಕೆ ಒಯ್ದು ಅವರೆದುರಿಗೇ ನೀರು ಬಿಟ್ಟು ತೋರಿಸಿ, ಜಾಬ್ ಕಾರ್ಡಿನಲ್ಲಿ 'ಕ್ಯಾಬಿನ್ನಿಗೆ ನೀರು ಬರುತ್ತದೆ' ಎಂದು ಬರೆಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ.